ಒಂದು ಸಂಜೆಗೆ ಯಾವುದು, ಒಂದು ವರ್ಷಕ್ಕೆ ಯಾವುದು? ಮನೆಯಲ್ಲೇ ಮಾಡಿದ ಚಂದ್ರಯಾನದ ಹುಟ್ಟುಹಬ್ಬ

ಮಗನ ಐದನೇ ಹುಟ್ಟುಹಬ್ಬಕ್ಕೆ ಕಾರ್ಟೂನ್ ಥೀಮಿನ ರೆಡಿಮೇಡ್ ಸೆಟ್ ತರಿಸಿದ್ದೆವು. ಬ್ಯಾನರು, ಪರದೆ, ಟೋಪಿ, ಬಲೂನು ಎಲ್ಲವೂ ಒಂದೇ ಪ್ಯಾಕೆಟ್ಟಿನಲ್ಲಿ. ಸಂಜೆ ಐದಕ್ಕೆ ಗೋಡೆ ಹತ್ತಿದ್ದು ರಾತ್ರಿ ಹತ್ತಕ್ಕೆ ಕಸದ ಚೀಲ ಸೇರಿತು. ಹೋಗುವಾಗ ಎರಡು ಕಡೆ ಗೋಡೆಯ ಬಣ್ಣವನ್ನೂ ಕಿತ್ತುಕೊಂಡು ಹೋಯಿತು. ನಮ್ಮದು ಬಾಡಿಗೆ ಮನೆ. ಅಡ್ವಾನ್ಸಿನಲ್ಲಿ ಪೇಂಟಿಂಗ್ ದುಡ್ಡು ಹೇಗೂ ಮುರಿದುಕೊಳ್ಳುತ್ತಾರೆ, ಅದಕ್ಕೆ ನಾವೇ ಇನ್ನೊಂದು ಕಾರಣ ಕೊಟ್ಟಂತಾಯಿತು.

ಆರನೇ ವರ್ಷಕ್ಕೆ ಅವನ ತಲೆಯಲ್ಲಿ ಚಂದ್ರ ಬಿಟ್ಟರೆ ಬೇರೇನೂ ಇರಲಿಲ್ಲ. ವಿಕ್ರಮ್ ಲ್ಯಾಂಡರ್ ಇಳಿಯುವ ವಿಡಿಯೋ ಎಷ್ಟು ಸಲ ಹಾಕಿಸಿಕೊಂಡು ನೋಡಿದ್ದಾನೋ ಲೆಕ್ಕವಿಲ್ಲ. 2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾನೆ. ತನ್ನ ರೂಮನ್ನೂ 'ಆಕಾಶದ ಥರ' ಮಾಡಿಕೊಡಬೇಕು ಅಂತ ಬೇರೆ ಹಟ. ಸರಿ, ಎರಡೂ ಒಂದೇ ಖರ್ಚಿನಲ್ಲಿ ಆಗುತ್ತಾ ನೋಡೋಣ ಅಂತ ಕೂತೆವು.

ಆಗ ಮಾಡಿಕೊಂಡ ಒಂದೇ ನಿಯಮ ಇದು: ಯಾವ ವಸ್ತು ಕೈಗೆತ್ತಿಕೊಂಡರೂ, ಇದು ಗೋಡೆಯ ಮೇಲೆ ಒಂದು ಸಂಜೆ ಇರುತ್ತಾ, ಒಂದು ವರ್ಷ ಇರುತ್ತಾ ಅಂತ ಮೊದಲು ಕೇಳಿಕೊಳ್ಳುವುದು. ಒಂದು ಸಂಜೆಯದ್ದಾದರೆ ಅಗ್ಗದ್ದು, ಬೇಗ ಆಗುವುದು ಸಾಕು. ಒಂದು ವರ್ಷದ್ದಾದರೆ ಮಾತ್ರ ಭಾನುವಾರಗಳನ್ನು ಖರ್ಚು ಮಾಡುವುದು. ಎಲ್ಲವನ್ನೂ ಕೈಯಲ್ಲೇ ಮಾಡುತ್ತೇನೆ ಅಂತ ಹೊರಟರೆ ಹಬ್ಬದ ದಿನ ಅಮ್ಮನ ಮುಖ ನೋಡುವ ಹಾಗಿರುವುದಿಲ್ಲ.

ಹಿನ್ನೆಲೆಗೆ: ಸೀರೆಯೋ, ಚಾರ್ಟೋ, ಪ್ರಿಂಟ್ ಮಾಡಿಸಿದ್ದೋ

ಕೇಕ್ ಟೇಬಲ್ಲಿನ ಹಿಂದಿನ ಗೋಡೆಯೇ ಫೋಟೋದಲ್ಲಿ ಬರುವುದು. ಅದಕ್ಕೆ ಮೂರು ದಾರಿ ಇದ್ದವು.

ಪ್ರಿಂಟ್ ಮಾಡಿಸಿದ ಬ್ಯಾನರಿನಲ್ಲಿ ನಮಗೆ ಕೆಲಸವೇ ಇಲ್ಲ. ಆದರೆ ಅದರಲ್ಲಿ ಮಗುವಿನ ಹೆಸರು, ವಯಸ್ಸು ಇರುತ್ತೆ. ಮುಂದಿನ ವರ್ಷಕ್ಕೆ ಬರುವುದಿಲ್ಲ, ರೂಮಿನಲ್ಲಿ ಹಾಕುವುದಕ್ಕೂ ಚೆನ್ನಾಗಿರುವುದಿಲ್ಲ. 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಿದ್ದಾರೆ. ಅಲಂಕಾರದ ಥರ್ಮಾಕೋಲ್, ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿಯೂ ಅದೇ ಪಟ್ಟಿಯಲ್ಲಿವೆ. ನಾವು ಸ್ಕೂಲಿನಲ್ಲಿದ್ದಾಗ ಥರ್ಮಾಕೋಲ್ ಇಲ್ಲದೆ ಒಂದು ಪ್ರಾಜೆಕ್ಟೂ ಆಗುತ್ತಿರಲಿಲ್ಲ ಅಲ್ವಾ?

ಚಾರ್ಟ್ ಪೇಪರ್ ಅಗ್ಗ. ಆದರೆ ಒಂದು ಹಾಳೆ ಸುಮಾರು 22 ಇಂಚಿಗೆ 28 ಇಂಚು. ಹತ್ತು ಅಡಿ ಗೋಡೆ ಮುಚ್ಚಬೇಕಾದರೆ ಹತ್ತು ಹನ್ನೆರಡು ಹಾಳೆ ಜೋಡಿಸಬೇಕು. ಎಷ್ಟೇ ನೀಟಾಗಿ ಜೋಡಿಸಿದರೂ ಕೂಡುಗೆರೆ ಫೋಟೋದಲ್ಲಿ ಕಾಣುತ್ತೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನ ಕಡೆಯವರಾದರೆ, ಬೆಳಿಗ್ಗೆ ಅಂಟಿಸಿದ ಚಾರ್ಟು ಸಂಜೆಗೆ ಹಪ್ಪಳದ ಹಾಗೆ ಸುರುಳಿ ಸುತ್ತಿರುತ್ತೆ. ಕ್ರೇಪ್ ಪೇಪರಂತೂ ಇನ್ನೂ ಕಷ್ಟ. ಒಂದು ಹನಿ ನೀರು ಬಿದ್ದರೆ ಬಣ್ಣ ಬಿಟ್ಟು ಗೋಡೆಗೆ ಕಲೆ ಹಿಡಿಯುತ್ತೆ.

ಗೆದ್ದದ್ದು ಸೀರೆ. ಕಡುನೀಲಿಯ ಹಳೆಯ ಕಾಟನ್ ಸೀರೆ. ಯಾರ ಸೀರೆಯೋ ಅವರನ್ನು ಕೇಳಿಯೇ ತೆಗೆದುಕೊಳ್ಳಿ, ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಸೀರೆಯನ್ನು ಮೇಲಿಂದ ಕೆಳಗೆ ಇಳಿಬಿಡಲು ಹೋಗಬೇಡಿ. ಹಾಗೆ ಬಿಟ್ಟರೆ ಅಗಲ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಡ್ಡಕ್ಕೆ ಕಟ್ಟಿ. ಸೀರೆಯ ಉದ್ದ ಐದೂವರೆ ಮೀಟರ್. ಅದನ್ನು ಸಣ್ಣ ನೆರಿಗೆ ಹಿಡಿದು ಮೂರು ಮೀಟರಿಗೆ ಇಳಿಸಿದರೆ ಹತ್ತು ಅಡಿ ಗೋಡೆಗೆ ಸರಿಹೋಗುತ್ತೆ. ಎತ್ತರ ಸಾಲುವುದಿಲ್ಲ ಅನ್ನಿಸಬಹುದು. ಆದರೆ ಟೇಬಲ್ಲಿನ ಕೆಳಗಿನ ಗೋಡೆ ಯಾರಿಗೂ ಕಾಣುವುದಿಲ್ಲ. ಟೇಬಲ್ಲೇ ಎರಡೂವರೆ ಅಡಿ ಇರುತ್ತೆ, ಅಲ್ಲಿಂದ ಮೇಲಕ್ಕೆ ಸೀರೆಯ ಅಗಲ ಸೇರಿದರೆ ಆರಡಿ ಮುಟ್ಟುತ್ತೆ. ಕೇಕ್ ಕತ್ತರಿಸುವ ಮಗುವಿಗೆ ಅಷ್ಟು ಆಕಾಶ ಧಾರಾಳ ಸಾಕು. ಟೇಬಲ್ಲಿನ ಮುಂದೆ ಒಂದು ಬೆಡ್‌ಶೀಟ್ ಇಳಿಬಿಟ್ಟರೆ ಮುಗಿಯಿತು.

ಜಾರ್ಜೆಟ್, ಶಿಫಾನ್ ಬೇಡ. ನೆರಿಗೆ ನಿಲ್ಲುವುದಿಲ್ಲ, ಮೇಣದಬತ್ತಿ ತಾಗಿದರೆ ಕರಗಿ ಅಂಟುತ್ತೆ. ಕಾಟನ್ನಿಗೂ ಬೆಂಕಿ ಹತ್ತುತ್ತೆ ಅನ್ನಿ, ಅದಕ್ಕೇ ಟೇಬಲ್ಲನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ಎಳೆದಿದ್ದೆವು. ಸೀರೆಗೆ ಏನನ್ನೂ ಅಂಟಿಸಲಿಲ್ಲ. ನಕ್ಷತ್ರಗಳನ್ನೆಲ್ಲ ದೊಡ್ಡ ದೊಡ್ಡ ಹೊಲಿಗೆಯಲ್ಲಿ ಟಾಕಿದೆವು, ಬೇಡವಾದಾಗ ದಾರ ಎಳೆದರೆ ಬಿಡುತ್ತೆ. ಈಗ ಅದೇ ಸೀರೆ ಮಗನ ರೂಮಿನ ಕಿಟಕಿಗೆ ಪರದೆ.

ನಕ್ಷತ್ರಗಳು

ಬಂಗಾರದ ಬಣ್ಣದ ಕಾಗದ ತರಲು ಅವೆನ್ಯೂ ರಸ್ತೆಗೆ ಹೋಗಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ಅಟ್ಟದ ಮೇಲಿದ್ದ ಮದುವೆ ಕಾರ್ಡುಗಳ ಕಟ್ಟು ನೆನಪಾಯಿತು. ಎಲ್ಲರ ಮನೆಯಲ್ಲೂ ಇರುತ್ತೆ. ಗಣಪತಿ ಚಿತ್ರ ಇದೆ, ಬಿಸಾಕಬಾರದು ಅಂತ ಇಟ್ಟಿರುತ್ತೇವೆ. ಗಣಪತಿಯನ್ನು ಜೋಪಾನವಾಗಿ ಕತ್ತರಿಸಿ ತೆಗೆದಿಟ್ಟು, ಮಿಕ್ಕ ಬಂಗಾರ ಬೆಳ್ಳಿಯ ದಪ್ಪ ಕಾಗದದಲ್ಲಿ ನಕ್ಷತ್ರ ಕತ್ತರಿಸಿದೆವು. ಗ್ಲೇಜ್ ಪೇಪರಿಗಿಂತ ಎಷ್ಟೋ ಗಟ್ಟಿ. ಒಂದು ಕಾರ್ಡಿನಲ್ಲಿ ಎಂಟು ಹತ್ತು ನಕ್ಷತ್ರ ಆದವು. ಇಂಥ ಕೆಲಸ ಮಕ್ಕಳಿಗೆ ಕೊಡಬಹುದು, ಮೊನೆ ಇಲ್ಲದ ಕತ್ತರಿ ಸಾಕು. ಅವನು ಕತ್ತರಿಸಿದ ನಕ್ಷತ್ರಗಳಲ್ಲಿ ಕೆಲವಕ್ಕೆ ನಾಲ್ಕು ಮೂಲೆ, ಕೆಲವಕ್ಕೆ ಏಳು. ಹಾಗೇ ಬಿಟ್ಟೆವು.

ಇದಕ್ಕೆ ಪೈಪೋಟಿ ಅಂದರೆ ಕತ್ತಲಲ್ಲಿ ಹೊಳೆಯುವ ಸ್ಟಿಕ್ಕರ್. ಎಲ್ಲರೂ ರೇಡಿಯಂ ಸ್ಟಿಕ್ಕರ್ ಅಂತಲೇ ಕರೆಯುತ್ತೇವೆ, ಅದರಲ್ಲಿ ರೇಡಿಯಂ ಇರುವುದಿಲ್ಲ. ಲೈಟಿನ ಬೆಳಕು ಹೀರಿಕೊಂಡು ಕತ್ತಲಲ್ಲಿ ಬಿಡುತ್ತೆ ಅಷ್ಟೇ. ಮೊದಲ ಕೆಲವು ನಿಮಿಷ ಜೋರು, ಆಮೇಲೆ ಮಂಕಾಗುತ್ತಾ ಹೋಗುತ್ತೆ. ಪಾರ್ಟಿಗೆ ಇದು ದಂಡ, ಏಕೆಂದರೆ ಪಾರ್ಟಿಯಲ್ಲಿ ಯಾರೂ ಲೈಟ್ ಆರಿಸುವುದಿಲ್ಲ. ರೂಮಿಗೆ ಮಾತ್ರ ಇದಕ್ಕಿಂತ ಒಳ್ಳೆಯದಿಲ್ಲ. ಸುಮ್ನೆ ಎಲ್ಲೆಂದರಲ್ಲಿ ಅಂಟಿಸುವ ಬದಲು ಏಳು ಸ್ಟಿಕ್ಕರಿನಲ್ಲಿ ಸಪ್ತರ್ಷಿ ಮಂಡಲ ಮಾಡಿ. ನಾಲ್ಕು ಚೌಕಕ್ಕೆ, ಮೂರು ಬಾಲಕ್ಕೆ. ಗುಂಪಾಗಿ ಆರನ್ನು ಒತ್ತೊತ್ತಾಗಿ ಇಟ್ಟರೆ ಕೃತ್ತಿಕೆ. ಪವರ್ ಕಟ್ ಆದ ರಾತ್ರಿ ತಾರಸಿಗೆ ಹತ್ತಿದಾಗ ನಿಜವಾದ ಆಕಾಶದಲ್ಲೂ ಅದೇ ಆಕಾರ ಹುಡುಕುತ್ತಾನೆ.

ಸೀಲಿಂಗಿಗೆ ನೇರ ಅಂಟಿಸಬೇಡಿ. ಕೀಳುವಾಗ ಸುಣ್ಣದ ಪೊರೆ ಸಮೇತ ಬರುತ್ತೆ. ನಾವು ಕಪ್ಪು ಚಾರ್ಟಿನ ಮೇಲೆ ಅಂಟಿಸಿ, ಆ ಚಾರ್ಟನ್ನು ಕಪಾಟಿನ ಬಾಗಿಲಿಗೆ ಹಾಕಿದೆವು.

ಲ್ಯಾಂಡರ್: ಇದಕ್ಕೆ ಮಾತ್ರ ಕಷ್ಟಪಡಿ

ರಾಕೆಟ್ ಮಾಡೋಣವಾ, ಲ್ಯಾಂಡರ್ ಮಾಡೋಣವಾ ಅಂತ ಮನೆಯಲ್ಲಿ ದೊಡ್ಡ ಚರ್ಚೆ ಆಯಿತು. ನಮ್ಮನೆಯವರು ರಾಕೆಟ್ ಪಕ್ಷ. ನೋಡಲು ಎತ್ತರ, ಗಂಭೀರ. ಆದರೆ ಐದಡಿಯ ರಟ್ಟಿನ ರಾಕೆಟ್ ನಿಲ್ಲುವುದೇ ಇಲ್ಲ, ಫ್ಯಾನ್ ಗಾಳಿಗೆ ಬೀಳುತ್ತೆ. ಪಾರ್ಟಿ ಮುಗಿದ ಮೇಲೆ ಅದನ್ನು ಎಲ್ಲಿಡುವುದು? ಲ್ಯಾಂಡರ್ ಹಾಗಲ್ಲ. ಅದು ನಾಲ್ಕು ಕಾಲಿನ ಒಂದು ಡಬ್ಬ. ಅಂದರೆ ಆಟದ ಸಾಮಾನಿನ ಪೆಟ್ಟಿಗೆ! ಈ ಯೋಚನೆ ಬಂದ ಮೇಲೆ ಚರ್ಚೆ ಮುಗಿಯಿತು.

ಮಿಕ್ಸಿ ಬಂದಿದ್ದ ದಪ್ಪ ರಟ್ಟಿನ ಡಬ್ಬ ತೆಗೆದುಕೊಂಡೆವು. ಮೇಲಿನ ಮುಚ್ಚಳ ತೆರೆಯುವ ಹಾಗೇ ಬಿಟ್ಟೆವು. ಕಾಲಿಗೆ ಮೂರು ಆಯ್ಕೆ ನೋಡಿದೆ. ಪೊರಕೆ ಕಡ್ಡಿಯ ಕಟ್ಟು ಬಾಗುತ್ತೆ. ಪ್ಲಂಬರ್ ಬಿಟ್ಟುಹೋದ ಪೈಪಿನ ತುಂಡು ಗಟ್ಟಿ, ಆದರೆ ರಟ್ಟಿಗೆ ಭಾರ. ನ್ಯೂಸ್‌ಪೇಪರನ್ನು ಬಿಗಿಯಾಗಿ ಸುತ್ತಿ ಫೆವಿಕಾಲ್ ಹಚ್ಚಿ ಒಣಗಿಸಿದ ಕೊಳವೆಯೇ ಒಳ್ಳೆಯದು. ಪೂರ್ತಿ ಪೇಪರು, ಮೂಲೆಯಿಂದ ಮೂಲೆಗೆ ಓರೆಯಾಗಿ ಸುತ್ತಬೇಕು, ಆಗ ಬಾಗುವುದಿಲ್ಲ. ಪಾದಕ್ಕೆ ತೆಂಗಿನ ಚಿಪ್ಪು, ಬೋರಲು. ಭಾರವಿಲ್ಲದ ಚಿಪ್ಪು ಅಂತ ಅಂದುಕೊಂಡಿದ್ದೆ, ಆದರೆ ನಾಲ್ಕು ಚಿಪ್ಪಿನ ತೂಕವೇ ಡಬ್ಬ ಅಲ್ಲಾಡದ ಹಾಗೆ ಹಿಡಿದಿದೆ.

ನಿಜವಾದ ಲ್ಯಾಂಡರಿಗೆ ಸುತ್ತಿದ್ದ ಬಂಗಾರ ಬಣ್ಣದ ಹಾಳೆ ಅಂದಕ್ಕಲ್ಲ, ಬಿಸಿಲು ಚಳಿಯಿಂದ ಒಳಗಿನ ಯಂತ್ರಗಳನ್ನು ಕಾಪಾಡಲು. ನಮಗೆ ಅಂದಕ್ಕೇ ಬೇಕಿತ್ತು. ಬಂಗಾರದ ಗಿಫ್ಟ್ ಪೇಪರನ್ನು ಒಮ್ಮೆ ಕೈಯಲ್ಲಿ ಮುದ್ದೆ ಮಾಡಿ, ಬಿಡಿಸಿ, ಆಮೇಲೆ ಅಂಟಿಸಿದರೆ ಥೇಟ್ ಅದರಂತೆಯೇ ಕಾಣುತ್ತೆ. ಸುಕ್ಕಿಲ್ಲದೆ ಅಂಟಿಸಿದರೆ ಗಿಫ್ಟ್ ಡಬ್ಬದಂತೆ ಕಾಣುತ್ತೆ. ಒಂದು ಕಡೆ ಇಳಿಜಾರಿಗೆ ರಟ್ಟಿನ ಹಲಗೆ. ಪ್ರಜ್ಞಾನ್ ರೋವರಿಗೆ ಚಪ್ಪಲಿ ಡಬ್ಬ, ಬಾಟಲಿ ಮುಚ್ಚಳದ ಚಕ್ರ. ಆರು ಚಕ್ರ ಇರಬೇಕು. ನಾನು ನಾಲ್ಕೇ ಹಾಕಿದ್ದೆ. ಮಗ ಎಣಿಸಿ, ಕೋಪ ಮಾಡಿಕೊಂಡು, ವಾಪಸ್ ಕೊಟ್ಟ.

ರಟ್ಟು ಕೊಯ್ಯುವ ಕೆಲಸ ದೊಡ್ಡವರದ್ದೇ. ಕಟರ್ ಮಕ್ಕಳ ಕೈಗೆ ಬೇಡ. ಅಂಟು ಬಳಿಯುವುದು, ಮುದ್ದೆ ಮಾಡುವುದು, ಬಣ್ಣ ಹಚ್ಚುವುದು ಅವರಿಗೆ.

ಗ್ರಹಗಳು: ಕಾಗದದ ಗೋಳ, ಆಕಾಶಬುಟ್ಟಿ, ಇಲ್ಲವೇ ರಟ್ಟಿನ ಬಿಲ್ಲೆ

ಎಲ್ಲಕ್ಕಿಂತ ಸುಲಭ ರಟ್ಟಿನ ಬಿಲ್ಲೆ. ತಟ್ಟೆ ಇಟ್ಟು ಗೆರೆ ಎಳೆ, ಕತ್ತರಿಸು, ಬಣ್ಣ ಹಚ್ಚು. ಒಂದು ಮಧ್ಯಾಹ್ನದ ಕೆಲಸ. ಪಾರ್ಟಿಗೆ ಮಾತ್ರ ಅಂತಾದರೆ ಇಲ್ಲಿಗೇ ನಿಲ್ಲಿಸಿ.

ಎರಡನೆಯದು ದೀಪಾವಳಿಗೆ ಕಟ್ಟುವ ಆಕಾಶಬುಟ್ಟಿ, ಕರಾವಳಿಯವರ ಗೂಡುದೀಪ. ಕಾಗದದ ದುಂಡನೆಯ ಮಡಚುವ ಬುಟ್ಟಿಗಳು ಸಿಗುತ್ತವಲ್ಲ, ಅವು. ಹೋದ ದೀಪಾವಳಿಯದ್ದು ಇದ್ದರೆ ಪುಕ್ಕಟೆ ಗ್ರಹ. ಸ್ಪಂಜಿನಲ್ಲಿ ಒತ್ತಿ ಒತ್ತಿ ಬಣ್ಣ ಹಚ್ಚಬೇಕು, ಬ್ರಷ್ಷಿನಲ್ಲಿ ಎಳೆದರೆ ಹರಿಯುತ್ತೆ. ಪಾರ್ಟಿ ಮುಗಿದ ಮೇಲೆ ಮಡಚಿ ಇಡಬಹುದು ಅನ್ನುವುದೇ ಇದರ ದೊಡ್ಡ ಗುಣ. ಮನೆ ಚಿಕ್ಕದಾದರೆ ಇದನ್ನೇ ಮಾಡಿ.

ನಾವು ಮೂರನೆಯದಕ್ಕೆ ಬಿದ್ದೆವು. ಬಲೂನು ಊದಿ, ಮೇಲೆ ನ್ಯೂಸ್‌ಪೇಪರ್ ಪಟ್ಟಿಗಳನ್ನು ಅಂಟಿಸಿ, ನಾಲ್ಕು ಪದರ ಒಣಗಿದ ಮೇಲೆ ಒಳಗಿನ ಬಲೂನು ಒಡೆದು ತೆಗೆಯುವುದು. ಪದರ ಪದರಕ್ಕೂ ಒಣಗಬೇಕು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಒಂದೊಂದು ಪದರಕ್ಕೆ ಎರಡು ದಿನ ಹಿಡಿಯಿತು. ಎರಡು ವಾರ ಮುಂಚೆ ಶುರು ಮಾಡದಿದ್ದರೆ ಇದರ ತಂಟೆಗೆ ಹೋಗಬೇಡಿ.

ಅಂಟಿನಲ್ಲೂ ಆಯ್ಕೆ ಇದೆ. ಮೈದಾ ಅಂಟು ಅಗ್ಗ. ಒಂದು ಲೋಟ ಮೈದಾಗೆ ನಾಲ್ಕೈದು ಲೋಟ ನೀರು ಹಾಕಿ ಗಂಟಾಗದಂತೆ ಕಾಯಿಸಿದರೆ ಆಯಿತು. ಆದರೆ ಅದು ನಮಗೆ ಅಂಟು, ಜಿರಳೆಗೆ ಊಟ. ಪುಸ್ತಕ ಬೈಂಡ್ ಮಾಡುವವರು ಹುಳ ಬೀಳದಿರಲಿ ಅಂತ ಅದಕ್ಕೆ ಮೈಲುತುತ್ತ ಸೇರಿಸುತ್ತಾರೆ. ಅದು ವಿಷ, ಮಕ್ಕಳ ಕೈ ಆಡುವ ವಸ್ತುವಿಗೆ ಖಂಡಿತ ಬೇಡ. ಒಂದು ಸಂಜೆಯ ಅಲಂಕಾರಕ್ಕೆ ಮೈದಾ ಸಾಕು. ರೂಮಿನಲ್ಲಿ ಉಳಿಯುವುದಕ್ಕೆ ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ ಬಳಸಿ.

ಅಳತೆ ಸರಿಯಾಗಿರಲಿ ಅಂತ ಕೂತು ಲೆಕ್ಕ ಹಾಕಿದೆವು. ಭೂಮಿ ಒಂದು ನೆಲ್ಲಿಕಾಯಿ, ಎರಡೂವರೆ ಸೆಂಟಿಮೀಟರ್ ಅಂತ ಇಟ್ಟುಕೊಂಡರೆ, ಮಂಗಳ ಒಂದು ಗೋಲಿ, ಬುಧ ಬಟಾಣಿ, ನಮ್ಮ ಚಂದ್ರ ಕಡಲೆಕಾಳು. ಯುರೇನಸ್, ನೆಪ್ಚೂನ್ ದೊಡ್ಡ ದಾಳಿಂಬೆ. ಶನಿ ಫುಟ್‌ಬಾಲ್. ಗುರು ಭೂಮಿಯ ಹನ್ನೊಂದು ಪಟ್ಟು, ಅಂದರೆ 28 ಸೆಂಟಿಮೀಟರಿನ ಕಲ್ಲಂಗಡಿ. ಆಗ ಸೂರ್ಯ? ಭೂಮಿಯ 109 ಪಟ್ಟು. ಒಂಬತ್ತು ಅಡಿ! ರೂಮಿನ ಬಾಗಿಲಲ್ಲಿ ನುಗ್ಗುವುದೇ ಇಲ್ಲ. ಗೋಡೆಯ ಮೂಲೆಯಲ್ಲಿ ಹಳದಿ ಬಟ್ಟೆಯ ಒಂದು ದೊಡ್ಡ ಕಮಾನು ಮಾತ್ರ ಹಾಕಿ, ಮಿಕ್ಕ ಸೂರ್ಯ ಪಕ್ಕದ ಮನೆಯಲ್ಲಿದ್ದಾನೆ ಅಂತ ಮಗನಿಗೆ ಹೇಳಿದೆವು. ಶನಿಯ ಉಂಗುರ ಗ್ರಹದ ಎರಡೂಕಾಲು ಪಟ್ಟು ಅಗಲ ಇರುತ್ತೆ. ಫುಟ್‌ಬಾಲಿಗೆ ಅರ್ಧ ಮೀಟರಿಗೂ ಮೀರಿದ ಉಂಗುರ! ಮಿಕ್ಸಿ ಡಬ್ಬದಲ್ಲಿ ಅಷ್ಟು ರಟ್ಟು ಇರಲಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ವಾಷಿಂಗ್ ಮೆಷೀನಿನ ಖಾಲಿ ಡಬ್ಬ ಕೇಳಿ ತಂದೆವು.

ಕಡಲೆಕಾಳಿನ ಚಂದ್ರನನ್ನು ಇಟ್ಟುಕೊಂಡು ಚಂದ್ರಯಾನದ ಪಾರ್ಟಿ ಮಾಡುವುದು ಹೇಗೆ? ಅದಕ್ಕೊಂದು ಬೇರೆ ಚಂದ್ರ ಬೇಕಾಯಿತು. ಬಿದಿರಿನ ಅಗಲ ಬುಟ್ಟಿಯೊಂದನ್ನು ಬೋರಲು ಹಾಕಿ, ಮೇಲೆ ಎರಡು ಪದರ ಕಾಗದ. ಅದರ ಮೇಲೆ ನೆನೆಸಿ ರುಬ್ಬಿದ ಕಾಗದದ ಹಿಟ್ಟು ಮೆತ್ತಿ, ಹಸಿ ಇರುವಾಗಲೇ ಲೋಟ, ಮುಚ್ಚಳ, ಹೆಬ್ಬೆರಳಿನಿಂದ ಒತ್ತಿದರೆ ಕುಳಿಗಳು. ಬೂದು ಬಣ್ಣ ಒಂದೇ ಸಾಕು. ಇಡೀ ಮನೆಯಲ್ಲಿ ಜನ ಜಾಸ್ತಿ ಹೊತ್ತು ನಿಂತು ನೋಡಿದ್ದು ಇದನ್ನೇ.

ಎಲ್ಲಿ ಕಟ್ಟುವುದು, ಯಾವುದರಿಂದ

ಸೆಲ್ಲೋ ಟೇಪ್ ಕಾಗದಕ್ಕೆ, ಗೋಡೆಗಲ್ಲ. ಫೋಮಿನ ಡಬಲ್ ಟೇಪ್ ಭಾರ ತಡೆಯುತ್ತೆ, ಆದರೆ ನಮ್ಮ ಗೋಡೆ ಕಿತ್ತದ್ದು ಅದೇ. ಡಿಸ್ಟೆಂಪರ್ ಹೊಡೆದ ಗೋಡೆಗೆ ಅದನ್ನು ಮುಟ್ಟಿಸಲೇಬೇಡಿ. ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪ್ ಹಗುರ ಕಾಗದಕ್ಕೆ ಸಾಕು, ಕೀಳುವಾಗ ನಿಧಾನ. ಇವೆಲ್ಲಕ್ಕಿಂತ ಒಳ್ಳೆಯದು ಆಗಲೇ ಇರುವ ಮೊಳೆಗಳು. ಸೊಳ್ಳೆಪರದೆ ಕಟ್ಟಲು ರೂಮಿನ ನಾಲ್ಕು ಮೂಲೆಗೆ ಹೊಡೆದಿರುತ್ತಾರಲ್ಲ, ಅವು. ಅಲ್ಲಿಂದ ಕಿಟಕಿಯ ಸರಳಿಗೆ ಟ್ವೈನ್ ದಾರ ಬಿಗಿದರೆ ಇಡೀ ಸೌರಮಂಡಲ ಅದರ ಮೇಲೆ ನಿಲ್ಲುತ್ತೆ, ಗೋಡೆಗೆ ಏನೂ ಆಗುವುದಿಲ್ಲ.

ಫ್ಯಾನ್ ಮರೆಯಬೇಡಿ. ಮಾಮೂಲಿ ಸೀಲಿಂಗ್ ಫ್ಯಾನಿನ ರೆಕ್ಕೆ ಸುತ್ತುವ ಅಗಲ 48 ಇಂಚು. ನಡುವಿನಿಂದ ಎರಡಡಿ ರೆಕ್ಕೆಯೇ ಇರುತ್ತೆ. ಗಾಳಿಗೆ ದಾರ ತೂಗಾಡುವುದನ್ನೂ ಸೇರಿಸಿ, ಫ್ಯಾನಿನ ನಡುವಿನಿಂದ ಐದಡಿ ಒಳಗೆ ಏನನ್ನೂ ತೂಗುಹಾಕಬೇಡಿ. ಟ್ರಯಲ್ ನೋಡುವಾಗ ನಮ್ಮ ನೆಪ್ಚೂನ್ ಹೋದದ್ದು ಹೀಗೇ. ಮಂಚದ ಹತ್ತಿರ ಮಗುವಿನ ಕೈಗೆ, ಕುತ್ತಿಗೆಗೆ ಸಿಗುವ ಹಾಗೆ ದಾರ ಇಳಿಬಿಡುವುದೂ ಬೇಡ.

ಬಲೂನು ಮತ್ತು ದೀಪ

ಆರಡಿ ಬಲೂನ್ ಕಮಾನಿಗೆ ನೂರರ ಹತ್ತಿರ ಬಲೂನು ಬೇಕು. ಪಂಪು ಇದ್ದರೂ ಎರಡು ಗಂಟೆಯ ಕೆಲಸ, ಮಾರನೇ ದಿನ ಮುದುಡುತ್ತೆ. ನನ್ನ ಲೆಕ್ಕದಲ್ಲಿ ಇದು ದಂಡದ ಬಾಬತ್ತು. ಇಪ್ಪತ್ತು ಬಲೂನು ಊದಿ ನೆಲದ ಮೇಲೆ ಬಿಟ್ಟರೆ ಮಕ್ಕಳು ಕಮಾನಿಗಿಂತ ಹೆಚ್ಚು ಖುಷಿಪಡುತ್ತಾರೆ. ಒಡೆದ ಚೂರುಗಳನ್ನು ಮಾತ್ರ ಆಗಿಂದಾಗ ಹೆಕ್ಕಬೇಕು, ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಂಡರೆ ಉಸಿರು ಕಟ್ಟುತ್ತೆ. ಗ್ಯಾಸ್ ಬಲೂನು ಬೇಕೇ ಬೇಕು ಅಂದರೆ ಹೀಲಿಯಂ ಅಂತ ಖಚಿತ ಮಾಡಿಕೊಳ್ಳಿ. ಹೈಡ್ರೋಜನ್ ತುಂಬಿದ್ದು ಮೇಣದಬತ್ತಿಯ ಹತ್ತಿರ ಬಂದರೆ ಧಗ್ಗನೆ ಉರಿಯುತ್ತೆ.

ದೀಪಕ್ಕೆ ಹಾಲಿನಲ್ಲಿ ಮನೆಯ ಸೀರಿಯಲ್ ಸೆಟ್ ಸಾಕು, ದೊಡ್ಡವರು ಇರುತ್ತಾರೆ. ಮಲಗುವ ರೂಮಿಗೆ ಅದು ಬೇಡ. ಬಟ್ಟೆ, ಕಾಗದದ ನಡುವೆ ರಾತ್ರಿಯಿಡೀ ಕರೆಂಟಿನ ವೈರು ಯಾಕೆ? ಬ್ಯಾಟರಿಯ ಎಲ್‌ಇಡಿ ಸರ ತನ್ನಿ, ಪೆನ್ಸಿಲ್ ಸೆಲ್ ಹಾಕುವಂಥದ್ದು. ಬಟನ್ ಸೆಲ್ಲಿನದ್ದು ಬೇಡವೇ ಬೇಡ. ಅದನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು.

ಪಾರ್ಟಿಯ ಮಾರನೇ ದಿನ

ಸೀರೆ ಕಿಟಕಿಗೆ ಹೋಯಿತು. ಲ್ಯಾಂಡರಿನ ಹೊಟ್ಟೆಗೆ ಬ್ಲಾಕ್ಸು, ಕಾರುಗಳು. ಬುಟ್ಟಿಯ ಚಂದ್ರ ಮಂಚದ ಎದುರಿನ ಮೊಳೆಗೆ. ಬಿಸಾಕಿದ್ದು ಬಲೂನಿನ ಚೂರು, ಒಂದಿಷ್ಟು ಟೇಪು, ಫ್ಯಾನಿಗೆ ಸಿಕ್ಕಿದ ನೆಪ್ಚೂನ್. ಅದರ ಜಾಗಕ್ಕೆ ಇನ್ನೊಂದು ಮಾಡಿಕೊಡು ಅಂತ ಮಗ ಇನ್ನೂ ಕೇಳುತ್ತಲೇ ಇದ್ದಾನೆ.

ಗ್ರಹಗಳನ್ನು ಮಂಚದ ಮೇಲಿನ ದಾರಕ್ಕೆ ಸಾಲಾಗಿ ಕಟ್ಟಿದ್ದೆ. ಅತ್ತೆ ಬಂದು ಎಣಿಸಿದರು. "ರಾಹು ಕೇತು ಎಲ್ಲಿ?" ಅಂದರು. "ಅವು ಇಲ್ಲ ಅಜ್ಜಿ, ಯುರೇನಸ್ ಇದೆ" ಅಂದ ಮಗ. ಅದಾದರೂ ಹೋಗಲಿ. ಉಂಗುರದ ಗೋಳ ಯಾವುದು ಅಂತ ತಿಳಿದ ಕೂಡಲೇ ಅವರ ಮುಖ ಬದಲಾಯಿತು. "ಏನಮ್ಮಾ ಇದು? ಶನಿಮಹಾತ್ಮನ್ನ ತಂದು ಮಲಗೋ ಮಗು ತಲೆ ಮೇಲೆ ತೂಗುಹಾಕಿದೀಯಲ್ಲ!"

ಖಗೋಳದ ವಾದ ಅಲ್ಲಿ ನಡೆಯಲಿಲ್ಲ. ಎಂಟೂ ಗ್ರಹಗಳಲ್ಲಿ ಚೆನ್ನಾಗಿ ಮೂಡಿಬಂದಿದ್ದು ಅದೊಂದೇ, ಬಿಸಾಕುವ ಮಾತೇ ಇಲ್ಲ. ಕೊನೆಗೆ ಕಪಾಟಿನ ಮೇಲೆ ಇಟ್ಟೆವು. ಅಲ್ಲೇ ಇದೆ. ಆ ರೂಮಿನ ಬೇರೆ ಯಾವ ಗ್ರಹದ ಧೂಳನ್ನೂ ಅತ್ತೆ ಒರೆಸುವುದಿಲ್ಲ. ಇದನ್ನು ಮಾತ್ರ ವಾರಕ್ಕೊಂದು ಸಲ, ಶನಿವಾರ, ಸ್ನಾನ ಮಾಡಿ ಬಂದು ಒರೆಸುತ್ತಾರೆ.